ತೊಟ್ಟಿಲಲ್ಲಿರುವ ನನ್ನ ಹೆಸರು

ಬೈಲಹೊಂಗಲ
ತಾ. 18-8-2003

ಅವ್ವನ ಪಾದಕ್ಕೆ ಸಣ್ಣ ಮಗನ ನಮಸ್ಕಾರ.

ಹೇಗಿದ್ದೀ ಅವ್ವಾ? ಮೊಣಕಾಲು ನೋವು ಕಡಿಮೆಯಾಯಿತೇ? ಹಳ್ಳದ ದಂಡೆ ಜಾರುತ್ತದೆ, ಸುತ್ತುಹಾಕಿ ಹೊಲಕ್ಕೆ ಹೋಗು. ನಾನು ಆರಾಮ ಇದ್ದೇನೆ. ಎರಡು ಹೊತ್ತು ರೊಟ್ಟಿ ಸಿಗುತ್ತದೆ. ನಿನ್ನ ರೊಟ್ಟಿಯಷ್ಟು ತೆಳುವಲ್ಲ, ಆದರೆ ಬಿಸಿ ಇರುತ್ತದೆ. ನನ್ನ ಸಾಲೆ ನಾಲ್ಕನೆಯ ಇಯತ್ತೆಗೇ ಮುಗಿದದ್ದರಿಂದ ತಪ್ಪುಗಳಿದ್ದರೆ ಓದುವವರು ತಿದ್ದಿಕೊಳ್ಳಲಿ. ಓದುವವರು ಶೀತಲ್ ವೈನಿಯೇ ಇರಬೇಕು. ವೈನೀ, ಅಣ್ಣನ ಮದುವೆಗೆ ನಾನು ಇರಲಿಲ್ಲ, ನಿಮ್ಮ ಮುಖವನ್ನೂ ನೋಡಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ಸಾಲನ್ನೂ ಬಿಡದೆ ಅವ್ವನಿಗೆ ಓದಿ ಹೇಳಿರಿ.

ಹೋದ ವಾರ ನಮ್ಮೂರು ಸುರೇಬಾನಕ್ಕೆ ಬಂದಿದ್ದ ನಾಗರತ್ನಕ್ಕ ನಾನಿರುವ ಮನೆಯವರು. ಊರು ಬಿಟ್ಟು ಓಡಿಬಂದ ಹುಡುಗರನ್ನು ಇಟ್ಟುಕೊಳ್ಳುವ ಮನೆ ಇದು. ಅದಕ್ಕೂ ಮೊದಲು ನಾನು ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದೆ. ದೊಡ್ಡ ಹುಡುಗರು ಚಪ್ಪಲಿ ಕಸಿದರು, ಪೊಲೀಸರು ಲಾಠಿಯಿಂದ ತಿವಿದು ಎಬ್ಬಿಸುತ್ತಿದ್ದರು. ಕೆಲಸ ಕೇಳಲು ಹೋದರೆ ಎಲ್ಲರದೂ ಒಂದೇ ಮಾತು, "ಯಾರ ಮಗನೋ ನೀ? ನಿನ್ನ ಗುರ್ತಿನವರು ಯಾರದಾರ?" ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಕಾಯಿಪಲ್ಯ ಮಾರುವ ಒಬ್ಬಾಕೆ "ಪಾಪ, ಮೂಕ ಐತಿ" ಎಂದು ಬುತ್ತಿ ಬಿಚ್ಚಿ ಕೊಟ್ಟಳು. ನಾನೂ ಮೂಕನಾಗಿಯೇ ತಿಂದೆ. ನಾಗರತ್ನಕ್ಕ ಮಾತ್ರ ಏನೂ ಕೇಳದೆ ಸಂಜೆ ಸಂಜೆ ನನ್ನ ಬೆಂಚಿನಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದರು, ನನ್ನ ಕಡೆಗೂ ಪೊಟ್ಟಣ ಸರಿಸುತ್ತಿದ್ದರು. ಕಡೆಗೆ ನಾನೇ ಹೆಸರು ಹೇಳಿದೆ.

ಈ ಮನೆಯಲ್ಲಿ ಸ್ನಾನಕ್ಕೆ ನೀರಿದೆ, ಹೊದೆಯಲು ಕೌದಿ ಇದೆ, ಹೊಲಿಗೆ ಕಲಿಸುತ್ತಾರೆ. ಆದರೆ ಬಂದವರ ಮನೆಯನ್ನು ಮೊದಲು ಹುಡುಕುತ್ತಾರೆ. "ಮನಿ ಇದ್ದಾವ ಮನ್ಯಾಗ ಇರಬೇಕೋ ತಮ್ಮಾ" ಎಂದರು ಅಕ್ಕ. ನನಗೆ ಹೆದರಿಕೆಯಾಯಿತು. ರಾಮದುರ್ಗದ ಮಾವನ ಹೋಟೆಲ್ಲಿನಿಂದ ಕೈ ಸುಟ್ಟುಕೊಂಡು ಓಡಿಬಂದ ದಿನ ನೀನು ಅರಿಸಿನ ಹಚ್ಚಿ, ಮಗ್ಗಲಿಗೆ ಮಲಗಿಸಿಕೊಂಡೆ. ಬೆಳಗಾದ ಮೇಲೆ ಅದೇ ಕೈ ಹಿಡಿದು ಮೊದಲ ಬಸ್ಸಿಗೆ ಹತ್ತಿಸಿದೆ. "ಮಾವ ಹೊರಗಿನಾಂವಲ್ಲ, ಬಡದ್ರ ಬಡೀಲಿ" ಎಂದೆ. ಆಮೇಲೆ ನಾನು ಓಡಿದ್ದು ಮನೆಯ ಕಡೆಗಲ್ಲ. ಆದರೂ ಅಕ್ಕನಿಗೆ ಊರಿನ ಹೆಸರು ಹೇಳಿದೆ, ಈ ಸಲ ನೀನು ಬರುತ್ತೀ ಎಂದುಕೊಂಡು.

ಅಕ್ಕ ಓಣಿಯಲ್ಲಿ ಬಾಳೇಶನ ಮನೆ ಯಾವುದೆಂದು ಕೇಳಿದಾಗ ಹೆಂಗಸರು ನಕ್ಕರಂತೆ. "ಬಾಳೇಶನ್ನ ಕಾಣಾಕ ಬಂದೀರೇನ್ರೀ? ತೊಟ್ಲಾಗ ಮಲಗ್ಯಾನ, ಸಪ್ಪಳ ಮಾಡದ ಹೋಗ್ರಿ" ಎಂದರಂತೆ. ಅಣ್ಣನ ಮಗನಿಗೆ ನನ್ನ ಹೆಸರಿಟ್ಟಿದ್ದೀರಿ. ಅಕ್ಕನಿಗೆ ಬಹಳ ಸಂತೋಷವಾಗಿತ್ತು. "ನಿನ್ನ ಮ್ಯಾಲೆ ಎಷ್ಟು ಜೀವ ನೋಡೋ ಅವರದು" ಎಂದರು. ಬೇರೆ ಕಡೆಯವರು, ಅವರಿಗೇನು ಗೊತ್ತು. ನಮ್ಮ ಮನೆಯಲ್ಲಿ ಇದ್ದವರ ಹೆಸರನ್ನು ಕೂಸಿಗೆ ಇಡುವುದಿಲ್ಲ, ಹೋದವರ ಹೆಸರನ್ನು ಇಡುತ್ತೇವೆ. ಅಣ್ಣನಿಗೆ ಮಾಳಪ್ಪ ಎಂದು ಹೆಸರು ಬಂದದ್ದೂ ಅಜ್ಜ ಮಣ್ಣಾದ ಮೇಲೆಯೇ.

ನಾನು ಬದುಕಿರುವುದು ಗೊತ್ತಿರಲಿಲ್ಲ ಎನ್ನಬೇಡ. ಕೂಸು ಹುಟ್ಟುವ ಮೊದಲೇ, ಹತ್ತಿ ಮಾರಲು ಇಲ್ಲಿಗೆ ಬಂದಿದ್ದ ಹಣಮಂತಪ್ಪ ಕಾಕಾನ ಕೈಯಲ್ಲಿ ಹೇಳಿಕಳಿಸಿದ್ದೆ. ಮತ್ತೆ ಬಂದಾಗ ಅವನು, "ಹೇಳೀನೋ, ನಿಮ್ಮವ್ವ ಕೇಳಿ ಸುಮ್ಮನ ಒಳಗ ಹೋದಳು" ಎಂದ. ನೀನು ಅಳಲು ಒಳಗೆ ಹೋದೆ ಎಂದುಕೊಂಡು ನಾನು ಎಷ್ಟೋ ದಿನ ಸಮಾಧಾನದಿಂದ ಇದ್ದೆ. ಕೂಸಿನ ಕಿವಿಯಲ್ಲಿ ಹೆಸರು ಊದಿದವಳು ಅದರ ಸೋದರತ್ತೆ, ನಮ್ಮ ಕೆಂಪವ್ವಕ್ಕನೇ ಇರಬೇಕು, ನನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು. ಊದಿದ ಕೂಡಲೇ ಹೆಂಗಸರೆಲ್ಲ ನಕ್ಕು ಆಕೆಯ ಬೆನ್ನಿಗೆ ಗುದ್ದಿರಬೇಕು. ನೀನೂ ಗುದ್ದಿದೆಯಾ ಅವ್ವಾ? ಗುಗ್ಗರಿ ಹಂಚಿದೆಯಾ? ಮಾವ ಬಡಿದದ್ದು ಮೈಗೆ, ಅದು ಮಾಯ್ದಿದೆ. ನೀನು ಎಂದೂ ನನ್ನ ಮೇಲೆ ಕೈ ಎತ್ತಿದವಳಲ್ಲ.

ನನ್ನನ್ನು ಕರೆದೊಯ್ಯಲು ಬನ್ನಿರೆಂದು ನಾಗರತ್ನಕ್ಕ ಹೇಳಿದಾಗ ನೀನು "ನೋಡೂಣ್ರೀ" ಎಂದೆಯಂತೆ. ಅಣ್ಣ ಎದ್ದು ಹೊಲಕ್ಕೆ ಹೋದನಂತೆ. ಇರಲಿ. ಎಲ್ಲರಿಗೂ ಕೇಳಿದೆನೆಂದು ಹೇಳು. ಕೂಸಿಗೆ ದೃಷ್ಟಿ ತೆಗೆಯುತ್ತಿರು, ಅದರದೇನು ತಪ್ಪು. ಬೀರಪ್ಪ ನಿಮ್ಮನ್ನು ತಂಪಾಗಿಟ್ಟಿರಲಿ.

ನಿನ್ನ ಮಗ
ಬಾಳೇಶ

ತಾ.ಕ.: ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಈ ತಿಂಗಳು ಮುಗಿಯುವುದರೊಳಗೆ ಮನೆಯವರು ಬಾರದಿದ್ದರೆ ನನ್ನನ್ನು ಯಾರೂ ಇಲ್ಲದವನೆಂದು ಬರೆದು ಬೇರೆ ಊರಿನ, ಅನಾಥ ಹುಡುಗರ ದೊಡ್ಡ ಮನೆಗೆ ಕಳಿಸುತ್ತಾರೆ. ನೀನೊಬ್ಬಳೇ ಬಾ. ಕೂಸನ್ನು ಎತ್ತಿಕೊಂಡು ಬರಬೇಡ. ಗೇಟಿನ ಹೊರಗೆ ನಿಂತು ನೀನು ಬಾಳೇಶಾ ಎಂದು ಕೂಗಿದರೆ, ಕೂಗಿದ್ದು ನನ್ನನ್ನೇ ಎಂದು ನನಗೆ ಗೊತ್ತಾಗಬೇಕು.