ಹದಿಮೂರು ಅಣೆಕಟ್ಟು, ಒಂದು ಚಪ್ಪಲಿ ಚೂರು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ

ಹನ್ನೊಂದನೇ ಅಣೆಕಟ್ಟಿಗೆ ನೀಲಿ ಬಳಿದಾಯಿತು. ಇನ್ನೆರಡು ಬಾಕಿ. ಥರ್ಮೋಕೋಲಿನ ಪುಡಿ ಮೂಗಿನಲ್ಲಿ, ಕೂದಲಲ್ಲಿ, ಊಟದ ತಟ್ಟೆಯಲ್ಲಿ. ಇವರು ಬಸ್ಸಿನ ಡ್ಯೂಟಿಗೆ ಹೊರಟವರು ಖಾಕಿ ಅಂಗಿ ಕೊಡವಿಕೊಂಡು, "ಪ್ಯಾಸೆಂಜರುಗಳು ನನಗೆ ತಲೆಹೊಟ್ಟು ಅಂದ್ಕೊಂಡಿದಾರೆ ಕಣೇ" ಅಂದರು.

ಹತ್ತನೇ ಕ್ಲಾಸಿನ ಪ್ರಾಜೆಕ್ಟ್. ‘ನೀರು: ಕೆಲಸ ಮಾಡುವ ಮಾದರಿ.’ ಮಕ್ಕಳೇ ಮಾಡಬೇಕೆಂದು ಸುತ್ತೋಲೆಯಲ್ಲಿದೆ. ಅಮ್ಮಂದಿರು ಸುತ್ತೋಲೆ ಹಿಡಿದುಕೊಂಡೇ ನನ್ನ ಅಂಗಡಿಗೆ ಬರುತ್ತಾರೆ. ಒಂದು ಜೆರಾಕ್ಸ್ ತೆಗೆಸಿ, ಒಂದು ಅಣೆಕಟ್ಟು ಆರ್ಡರ್ ಮಾಡಿ ಹೋಗುತ್ತಾರೆ.

ಹಲ್ಲಿನ ಡಾಕ್ಟರಮ್ಮ ತಮ್ಮದನ್ನು ಒಯ್ದರು. ಅವರ ಮಗಳು ಕಾರಿನಿಂದ ಇಳಿಯಲೇ ಇಲ್ಲ.

"ನೀರಿನ ಚಕ್ರ ತಿರುಗುತ್ತಾ?"

"ತಿರುಗೋ ಹಾಗಿಟ್ರೆ ಕಾರಲ್ಲಿ ಕಳಚಿಕೊಳ್ಳುತ್ತೆ ಮೇಡಂ. ಗಮ್ ಹಾಕಿ ಕೂರಿಸಿದೀನಿ. ನೀರು ಸುರಿದು ಯಾರೂ ನೋಡಲ್ಲ ಬಿಡಿ."

ಆರು ವರ್ಷದಿಂದ ಮಾಡುತ್ತಿದ್ದೇನೆ. ಯಾರೂ ನೋಡಿಲ್ಲ.

ಮಾರ್ಚ್ 5, ಗುರುವಾರ. ಸಂಜೆ

ಮಗಳದ್ದೂ ಅದೇ ಕ್ಲಾಸು, ಅದೇ ಪ್ರಾಜೆಕ್ಟು. ನನ್ನ ಮೇಜಿನ ಹತ್ತಿರ ಸುಳಿಯುವುದಿಲ್ಲ. ಹಿತ್ತಲಲ್ಲಿ ಕೂತು ಕೈಪಂಪು ಮಾಡುತ್ತಿದ್ದಾಳೆ. ಪೈಪಿನ ತುಂಡು, ಎರಡು ಗೋಲಿ, ಮುರಿದ ಕೊಡೆಯ ಕಡ್ಡಿ. ಪೈಪಿನೊಳಗೆ ಬಿಗಿಯಾಗಿ ಕೂತು ಮೇಲೆ ಕೆಳಗೆ ಆಡುವ ಒಂದು ಬಿಲ್ಲೆ ಬೇಕಿತ್ತು. ಬಟ್ಟೆ ಸುತ್ತಿದಳು — ಸೋರಿತು. ರಟ್ಟು — ನೆನೆದು ಮುದ್ದೆಯಾಯಿತು. ಇವತ್ತು ನನ್ನ ಹಳೇ ರಬ್ಬರ್ ಚಪ್ಪಲಿ ಕತ್ತರಿಸಿದಳು. ಬಕೆಟ್ಟಿನ ನೀರು ಗಳಗಳ ಮೇಲೆ ಬಂತು. ಅವಳ ಕಿರುಚಾಟಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು.

"ಬಣ್ಣನಾದ್ರೂ ಬಳೀತೀನಿ ಕೊಡೇ."

"ಬೇಡಮ್ಮ. ನಿನ್ನ ಕೈ ಬಿದ್ರೆ ಅದು ನಿಂದಾಗ್ಬಿಡುತ್ತೆ."

ಹಠಮಾರಿ. ಅಪ್ಪನ ಹಾಗೆ ಎಂದು ಬರೆಯಲಿದ್ದೆ. ಸುಳ್ಳಾಗುತ್ತದೆ.

ಮಾರ್ಚ್ 11, ಬುಧವಾರ. ಸಂಜೆ

ಅಂಗಡಿ ಬೇಗ ಮುಚ್ಚಿ ಬಂದೆ. ಲೆಕ್ಕ ಬರೆದಿಡುತ್ತೇನೆ.

ಶಾಲೆಯ ವಿಜ್ಞಾನ ಪರೀಕ್ಷೆಗೆ ಎಂಬತ್ತು, ಪ್ರಾಜೆಕ್ಟಿಗೆ ಇಪ್ಪತ್ತು. ಎರಡೂ ಸೇರಿ ಎಂಬತ್ತೈದು ಆದರೆ ಮುಂದಿನ ವರ್ಷ ಇದೇ ಶಾಲೆಯಲ್ಲಿ ಸೈನ್ಸ್ ಸೀಟು. ಮಗಳಿಗೆ ಪರೀಕ್ಷೆಯಲ್ಲಿ ಎಪ್ಪತ್ತೇಳು — ಕ್ಲಾಸಿಗೇ ಹೆಚ್ಚು. ಪ್ರಾಜೆಕ್ಟಿಗೆ ಏಳು. ಒಟ್ಟು ಎಂಬತ್ನಾಲ್ಕು. ಲಿಸ್ಟಿನಲ್ಲಿ ಹೆಸರಿಲ್ಲ.

ಡಾಕ್ಟರಮ್ಮನ ಮಗಳಿಗೆ ಪರೀಕ್ಷೆಯಲ್ಲಿ ಅರವತ್ತಾರು. ಪ್ರಾಜೆಕ್ಟಿಗೆ ಇಪ್ಪತ್ತಕ್ಕೆ ಇಪ್ಪತ್ತು. ಒಟ್ಟು ಎಂಬತ್ತಾರು, ಲಿಸ್ಟಿನ ಒಳಗೆ.

ನನ್ನ ಹದಿಮೂರು ಅಣೆಕಟ್ಟುಗಳಿಗೂ ಹದಿನೆಂಟರ ಮೇಲೆ.

ಪಂಪಿಗೆ ಕಟ್ಟಿದ ಚೀಟಿ ನನ್ನ ಮುಂದಿದೆ: ‘ಫಿನಿಶಿಂಗ್ ಸಾಲದು. ಚಪ್ಪಲಿ ಬಳಸಿರುವುದು ಶೋಭೆಯಲ್ಲ.’

ಶೋಭೆ! ಕಾಲಲ್ಲಿದ್ದದ್ದು ಕೈಗೆ ಬಂದರೆ ಇವರ ಮೇಜು ಮೈಲಿಗೆಯಾಗುತ್ತದೆ. ನೀರು ಎತ್ತುವ ಚಪ್ಪಲಿಗೆ ಏಳು, ನಿಂತಲ್ಲೇ ನಿಂತ ಚಕ್ರಕ್ಕೆ ಇಪ್ಪತ್ತು. ಇದಕ್ಕೆ ಇವರು ಇಟ್ಟ ಹೆಸರು ಮೆರಿಟ್.

ಮಗಳು ಅಳಲಿಲ್ಲ. ಪಂಪಿನೊಳಗಿನ ನೀರು ಬಗ್ಗಿಸಿ, ಒರೆಸಿ, ಕಪಾಟಿನ ಮೇಲಿಟ್ಟಳು. ಅತ್ತಿದ್ದರೆ ವಾಸಿಯಿತ್ತು.

ಮಾರ್ಚ್ 12, ಗುರುವಾರ. ಮಧ್ಯಾಹ್ನ

ವಿಜ್ಞಾನದ ಮೇಷ್ಟ್ರು ಲ್ಯಾಬಿನಲ್ಲಿ ಸಿಕ್ಕರು. ಕೆಟ್ಟವರಲ್ಲ. ಕುರ್ಚಿ ಕೊಟ್ಟರು.

"ನಿಮ್ಮ ಹುಡುಗಿ ಜಾಣೆ ಅಮ್ಮ. ಆದ್ರೆ ಬೇರೆ ಮಕ್ಕಳ ಫಿನಿಶಿಂಗ್ ನೀವು ನೋಡ್ಬೇಕಿತ್ತು. ಒಂದೊಂದು ಅಣೆಕಟ್ಟು ಏನು ಚೆಂದ!"

"ಗೊತ್ತು ಸರ್."

"ನೋಡಿದ್ರಾ?"

"ಮಾಡಿದೀನಿ."

ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು.

"ನೀರು ಸುರಿದು ನೋಡಿದ್ರಾ ಸರ್, ಒಂದಕ್ಕಾದ್ರೂ?"

"ನೂರಾ ಅರವತ್ತು ಮಾದರಿ, ಎರಡು ದಿನ. ನೀರು ಸುರೀತಾ ಕೂತ್ರೆ ಲ್ಯಾಬು ಕೆರೆಯಾಗುತ್ತೆ."

"ಹಾಗಾದ್ರೆ ‘ಕೆಲಸ ಮಾಡುವ’ ಅಂತ ಯಾಕೆ ಬರೆದ್ರಿ? ‘ಚೆಂದ ಕಾಣುವ’ ಅಂತ ಬರೀಬಹುದಿತ್ತಲ್ಲ? ನನ್ನ ಮಗಳು ಮೋಸ ಹೋಗ್ತಿರಲಿಲ್ಲ."

 "ಹೆಡ್ ಮೇಡಂ ಹತ್ತಿರ ಹೋಗಿ" ಅಂದರು. ತಕರಾರಿಗೆ ಮೂರು ದಿನ ಟೈಮು.

ದಾರಿಯುದ್ದಕ್ಕೂ ಮೇಷ್ಟ್ರಿಗೆ ಬೈದೆ. ಅಂಗಡಿ ಬಾಗಿಲು ತೆಗೆದೆ. ಮೇಜಿನ ಮೇಲೆ ಗಮ್ಮಿನ ಡಬ್ಬಿ, ನೀಲಿ ಬಣ್ಣ. ಬೈಯುವುದು ನಿಂತಿತು. ಫಿನಿಶಿಂಗ್ ಎಂದರೆ ಏನೆಂದು ಆ ಮನುಷ್ಯನಿಗೆ ಆರು ವರ್ಷ ಕಲಿಸಿದವಳು ಯಾರು? ಮಗಳನ್ನು ಸೋಲಿಸಿದ್ದು ನನ್ನ ಕೈ.

ಮಾರ್ಚ್ 13, ಶುಕ್ರವಾರ. ಸಂಜೆ

ಬರೆದುಕೊಟ್ಟೆ. ‘ಈ ಹದಿಮೂರು ಅಣೆಕಟ್ಟುಗಳನ್ನು ಮಾಡಿದವಳು ನಾನು. ಒಂದರ ಚಕ್ರವೂ ತಿರುಗುವುದಿಲ್ಲ. ಎಲ್ಲ ಮಾದರಿಗಳಿಗೂ ನೀರು ಸುರಿದು ನೋಡಿ, ಮತ್ತೆ ಅಂಕ ಕೊಡಿ.’ ಕೆಳಗೆ ಸಹಿ.

ಹೆಡ್ ಮೇಡಂ ಎರಡು ಸಲ ಓದಿದರು. ಬಾಗಿಲು ಹಾಕಿಸಿದರು.

"ನೋಡಿ, ಎರಡು ಮಾರ್ಕ್ಸ್ ಸೇರಿಸ್ತೀವಿ. ಕೂಡಿಸೋದ್ರಲ್ಲಿ ತಪ್ಪಾಗಿತ್ತು ಅಂತ ಹಾಕ್ಕೊಳ್ತೀವಿ. ನಿಮ್ಮ ಮಗಳಿಗೆ ಎಂಬತ್ತಾರು, ಸೀಟು ಗ್ಯಾರಂಟಿ. ಈ ಕಾಗದ ನೀವೇ ಇಟ್ಕೊಳ್ಳಿ. ನಿಮ್ಮ ವ್ಯಾಪಾರಕ್ಕೂ ಒಳ್ಳೇದಲ್ವಾ?"

ಸುಳ್ಳು ಬರೆಯುವುದಿಲ್ಲ. ಆಸೆಯಾಯಿತು. ಕೈ ಮುಂದೆ ಹೋಗಿತ್ತು. "ಮಗಳನ್ನ ಕೇಳಿ ಹೇಳ್ತೀನಿ" ಎಂದು ಎದ್ದು ಬಂದೆ.

ಮಗಳು ಕೇಳಿಸಿಕೊಂಡಳು. "ಎರಡು ಎಲ್ಲಿಂದ ಬಂತಂತೆ?"

"ಎಲ್ಲಿಂದಾದ್ರೂ ಬರ್ಲಿ, ಸೀಟು ನಿಂದಾಗುತ್ತಲ್ಲ?"

"ಪಂಪಿಗೆ ಏಳೇ ಸರಿ ಅಂದ್ರೆ ಏಳೇ ಇರ್ಲಿ. ತಪ್ಪು ಅಂದ್ರೆ ಯಾಕೆ ತಪ್ಪು ಅಂತ ಬೋರ್ಡಲ್ಲಿ ಬರೀಲಿ. ಬಾಗಿಲು ಹಾಕ್ಕೊಂಡು ಕೊಟ್ಟಿದ್ದು ನಂಗೆ ಬೇಡ."

ಇವರು ಶೂ ಬಿಚ್ಚುತ್ತಿದ್ದವರು, "ಇವಳನ್ನ ಹೊತ್ತಾಗ ನೀನು ಹೋರಾಟದ ಮೆರವಣಿಗೆಗಳಿಗೆ ಬೋರ್ಡ್ ಬರೀತಿದ್ದೆ ನೋಡು, ಅದೇ ತಪ್ಪಾಗಿದ್ದು" ಅಂದರು. ಮೂವರೂ ನಕ್ಕೆವು. ಈ ವಾರದ ಮೊದಲ ನಗು.

ಮಾರ್ಚ್ 14, ಶನಿವಾರ. ರಾತ್ರಿ

ಜೆರಾಕ್ಸ್ ಮೆಷಿನ್ ಇಟ್ಟುಕೊಂಡವಳಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿದರೆ ಹೇಗೆ? ಕಾಗದವನ್ನು ಇನ್ನೂರು ಪ್ರತಿ ತೆಗೆದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು ಹಂಚಿದೆ. ಕೆಲವರು ಓದಿ ಕೈ ಹಿಡಿದುಕೊಂಡರು. ಒಬ್ಬರು ಹರಿದು ಕಾಲಿನ ಮೇಲೆ ಹಾಕಿದರು. ವಾಚ್‌ಮನ್, "ಅಕ್ಕಾ, ಒಂದು ಚೂರು ಆ ಕಡೆ ನಿಂತ್ಕೊಳ್ಳಿ, ನನ್ನ ಕೆಲಸ ಹೋಗುತ್ತೆ" ಅಂದ. ಹೇಳಿ, ತನಗೂ ಒಂದು ಪ್ರತಿ ಕೇಳಿ ಇಸಿದುಕೊಂಡ.

ಸಂಜೆಯೊಳಗೆ ನೋಟಿಸು. ಬುಧವಾರ ಮರುಪರೀಕ್ಷೆ. ಎಲ್ಲ ಮಾದರಿಗಳಿಗೂ ನೀರು.

ಅದರ ಕೆಳಗೆ ಇನ್ನೊಂದು ಸಾಲು: ‘ಸುಧಾರಿಸಿಕೊಳ್ಳಲು ಮಾದರಿಗಳನ್ನು ಮನೆಗೆ ಒಯ್ಯಬಹುದು.’

ಮನೆಗೆ ಎಂದರೆ ಮತ್ತೆ ನನ್ನ ಮೇಜಿಗೇ.

ಮಾರ್ಚ್ 16, ಸೋಮವಾರ. ಸಂಜೆ

ಬಂದರು. ಬರುತ್ತಾರೆಂದು ಗೊತ್ತಿತ್ತು. ಡಾಕ್ಟರಮ್ಮ ಅಣೆಕಟ್ಟನ್ನು ಮೇಜಿನ ಮೇಲೆ ಕುಕ್ಕಿದರು.

"ಗಮ್ ಬಿಡಿಸಿಕೊಡಿ."

"ಮಗಳನ್ನ ಕಳಿಸಿ ಮೇಡಂ. ಹೇಗೆ ಬಿಡಿಸೋದು ಅಂತ ಹೇಳಿಕೊಡ್ತೀನಿ. ಅರ್ಧ ಗಂಟೆ ಕೆಲಸ."

"ಅವಳಿಗೆ ಟೈಮೆಲ್ಲಿದೆ? ಮೂರು ಟ್ಯೂಷನ್!" ದನಿ ಇಳಿಯಿತು. "ನೀವೂ ಒಬ್ಬ ತಾಯಿ. ನನ್ನ ಮಗಳ ಸೀಟು ಹೋಗುತ್ತೆ. ಮಾರೋವಾಗ ಈ ನ್ಯಾಯ ಎಲ್ಲಿಟ್ಟಿದ್ರಿ?"

ಗಮ್ಮಿನ ಡಬ್ಬಿಯನ್ನು ಮೇಜಿನ ಕೆಳಗೆ ಸರಿಸಿದೆ. 

"ಮಗಳನ್ನ ಕಳಿಸಿ" ಎಂದಷ್ಟೇ ಮತ್ತೆ ಹೇಳಿದೆ.

ಮಾರ್ಚ್ 17, ಮಂಗಳವಾರ. ಸಂಜೆ

ಹದಿಮೂರರಲ್ಲಿ ಒಬ್ಬರ ಮಗುವೂ ಬರಲಿಲ್ಲ. ಹಿಂದಿನ ಬೀದಿಯ ಬಡಗಿ ಅಂಗಡಿಯ ಮುಂದೆ ಸಾಲಾಗಿ ಕಾರು. ಆತ ಗಮ್ ಕೆರೆದು, ಸಣ್ಣ ಮೊಳೆ ಹೊಡೆದು, ಚಕ್ರ ತಿರುಗಿಸಿ ತೋರಿಸುತ್ತಿದ್ದಾನೆ. ಕೈ ಚೆನ್ನಾಗಿದೆ. ನಾಳೆ ಹದಿಮೂರೂ ತಿರುಗುತ್ತವೆ.

ಇಷ್ಟೆಲ್ಲ ಮಾಡಿ ಏನು ಸಾಧಿಸಿದೆ? ಮೋಸದ ಫಿನಿಶಿಂಗ್ ಇನ್ನೂ ಚೆನ್ನಾಯಿತು. ಎರಡು ಮಾರ್ಕ್ಸೂ ಹೋಯಿತು.

ಮಗಳಿಗೆ ಹೇಳಿದೆ. "ಹೂಂ" ಅಂದಳು. ಹಿತ್ತಲಲ್ಲಿ ಪಂಪು ಬಿಚ್ಚುತ್ತಾಳೆ, ಕಟ್ಟುತ್ತಾಳೆ. ಮತ್ತೆ ಬಿಚ್ಚುತ್ತಾಳೆ. ಕೇಳಿದರೆ, "ಸುಮ್ನಿರಮ್ಮ."

ಮಾರ್ಚ್ 18, ಬುಧವಾರ. 10.15

ಶಾಲೆಯ ಕಾರಿಡಾರು. ಲ್ಯಾಬಿನ ಹೊರಗಿನ ಬೆಂಚು. ಕಾಯಬೇಕಾಗುತ್ತದೆಂದು ಈ ಪುಸ್ತಕ ತಂದದ್ದು ಒಳ್ಳೆಯದಾಯಿತು.

ಮೊದಲು ಮಗಳನ್ನೇ ಕರೆದರು. ಪಂಪು ನೀರೆತ್ತಿತು. ಹೆಡ್ ಮೇಡಂ ನನ್ನ ಕಡೆ ನೋಡಿ ನಕ್ಕರು.

"ಕೆಲಸ ಮಾಡುತ್ತೆ. ಆದ್ರೆ ಇದನ್ನ ಇವಳೇ ಮಾಡಿದ್ದು ಅಂತ ಹೇಗೆ ನಂಬೋದು? ಮನೇಲಿ ಮಾಡಿಕೊಡೋಕೆ ಎಕ್ಸ್‌ಪರ್ಟ್ ಅಮ್ಮ ಇದಾರೆ. ಅವರೇ ಬರೆದುಕೊಟ್ಟಿದಾರೆ."

ನನ್ನ ಸಹಿಯನ್ನೇ ನನ್ನ ಮಗಳ ಕತ್ತಿಗೆ ಸುತ್ತಿದರು. ಬಾಯಿ ತೆರೆದೆ. ಮಗಳು ಕೈಯೆತ್ತಿ ತಡೆದಳು.

"ಬಿಚ್ಚಿ ಕಟ್ಟಿ ತೋರಿಸ್ತೀನಿ ಮೇಡಂ. ಅಮ್ಮನ್ನ ಹೊರಗೆ ಕಳಿಸಿ. ಆಮೇಲೆ ಎಲ್ಲರೂ ಅವರವರದ್ದನ್ನ ಬಿಚ್ಚಿ ಕಟ್ಲಿ."

 ಮೇಷ್ಟ್ರು ಹೆಡ್ ಮೇಡಂ ಮುಖ ನೋಡಲಿಲ್ಲ. "ಇದು ಸರಿ. ನಾನೇ ನಿಂತು ನೋಡ್ತೀನಿ, ಪ್ರತಿಯೊಬ್ಬರದ್ದೂ" ಅಂದರು.

10.30

ಬೆಂಚಿನ ಮೇಲೆ ನಾನು. ಪಕ್ಕದಲ್ಲಿ ಡಾಕ್ಟರಮ್ಮ. ಆಚೆ ಇನ್ನೂ ಹನ್ನೆರಡು ಜನ, ಮಡಿಲಲ್ಲಿ ಹನ್ನೆರಡು ಅಣೆಕಟ್ಟು.  ಬಾಗಿಲ ಬಳಿ ಮಕ್ಕಳ ಸಾಲು.

ಒಳಗೆ ಟಣ್ — ಗೋಲಿ ಮೇಜಿನ ಮೇಲೆ. ಒಂದು. ಎರಡನೆಯದು ಉರುಳಿ ಕೆಳಗೆ ಬಿತ್ತು... ಹುಡುಕುತ್ತಿದ್ದಾಳೆ. ಎದ್ದು ಹೋಗಲು ಕಾಲು ತುಡಿಯುತ್ತದೆ. ಹೋಗಬಾರದು. ಅದಕ್ಕೇ ಬರೆಯುತ್ತಿದ್ದೇನೆ, ಕೈಗೊಂದು ಕೆಲಸ.

ಸಿಕ್ಕಿತು. ಕಡ್ಡಿ ಪೈಪಿಗೆ ಉಜ್ಜುವ ಸದ್ದು. ಒಣ ಸದ್ದು. ಇನ್ನೂ ಒಣ ಸದ್ದು. ಚಪ್ಪಲಿ ಚೂರು ಒದ್ದೆಯಾಗಬೇಕು, ಆಗಲೇ ಬಿಗಿ. ಒದ್ದೆ ಮಾಡೇ... ನೆನಪಿದೆಯೇನೇ...

ಬಕೆಟ್ಟಿಗೆ ನೀರು ಬಿತ್ತು. ಧಾರೆ.

ಮೇಷ್ಟ್ರ ದನಿ: "ಹದಿನೆಂಟು. ಬೋರ್ಡಲ್ಲಿ ಬರೀತೀನಿ, ಯಾಕೆ ಅಂತಾನೂ. ಮುಂದಿನವರು ಬನ್ನಿ. ಅಣೆಕಟ್ಟು ಬಿಚ್ಚಿ."

ಡಾಕ್ಟರಮ್ಮನ ಮಗಳು ಬಾಗಿಲಲ್ಲೇ ನಿಂತಿದ್ದಾಳೆ. ಅಣೆಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಳೆ — ಎಲ್ಲಿಂದ ಶುರು ಮಾಡಬೇಕೆಂದು. ಅಮ್ಮನನ್ನು ನೋಡಿದಳು. ಅಮ್ಮ ನೆಲ ನೋಡಿದರು. ಆಗ ಆ ಹುಡುಗಿ ನನ್ನ ಕಡೆ ತಿರುಗಿ, "ಆಂಟಿ, ಇದನ್ನ ಬಿಚ್ಚೋದು ಹೇಗೆ—"