ಸಾಲಿಗೊಂದೇ ದನಿ

ಗೋವಿಂದರಾಜನಗರ
೧೩ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ತಮ್ಮ ಬಸುವಿಗೆ,

ಅಕ್ಕನ ಶರಣು. ನೀನು, ಗಿರಿಜಾ, ವಚನಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕೊನೆಯ ಸಲ ಬಂದಾಗ ನೀನು ಆಡಿದ ಮಾತಿಗೆ ಉತ್ತರ ಕೊಡುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಉತ್ತರ ಇರಲಿಲ್ಲ ಎಂದಲ್ಲ. ಅವತ್ತೇ ಬಾಯಿ ಬಿಟ್ಟಿದ್ದರೆ ನಮ್ಮಿಬ್ಬರ ನಡುವೆ ಹೋಗಿಬರುವುದೇ ನಿಂತುಹೋಗುತ್ತಿತ್ತು, ಅದಕ್ಕೇ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಫೋನ್ ಮಾಡಿದರೆ "ಅಂಗಡೀಲಿ ಗಿರಾಕಿ ಇದಾರೆ ಅಕ್ಕ" ಎಂದು ಇಟ್ಟುಬಿಡುತ್ತೀಯ. ಮೆಸೇಜ್ ಹಾಕಿದರೆ ಒಂದು ಹೆಬ್ಬೆಟ್ಟು ಕಳಿಸುತ್ತೀಯ. ಈ ಕಾಗದಕ್ಕೆ ಹೆಬ್ಬೆಟ್ಟು ತೋರಿಸಲು ಬರುವುದಿಲ್ಲ, ಕೂತು ಪೂರ್ತಿ ಓದು.

ಅಪ್ಪನ ಕೆಮ್ಮು ಕಡಿಮೆಯಾಗಿದೆ. ಬೆನ್ನಿನ ಹುಣ್ಣು ಒಣಗುತ್ತಿದೆ. ಗಂಜಿ ಮೊದಲಿಗಿಂತ ಸಲೀಸಾಗಿ ಇಳಿಯುತ್ತಿದೆ. ಸೋಮವಾರ ಅವರನ್ನು ಕೆಂಗೇರಿಯಾಚೆಯ ಆ ಆರೈಕೆ ಕೇಂದ್ರಕ್ಕೆ ಸಾಗಿಸಲು ನೀನು ಗಾಡಿ ಗೊತ್ತು ಮಾಡಿದ್ದೀಯ ಎಂದು ಗಿರಿಜಾ ಹೇಳಿದಳು. ಗಾಡಿ ಬರುವುದು ಬೇಡ. ಬಂದರೂ ಗೇಟು ತೆಗೆಯುವುದಿಲ್ಲ.

ನೀನು ಕೊನೆಯ ಸಲ ಬಂದ ದಿನ ನೆನಪಿದೆಯೇ? ನಾನು ಅಪ್ಪನಿಗೆ ವಿಭೂತಿ ಹಚ್ಚಿ, ಅವರ ಎಡ ಅಂಗೈಯಲ್ಲಿ ಲಿಂಗವಿಟ್ಟು, ಅದು ಜಾರದಂತೆ ಕೆಳಗಿನಿಂದ ನನ್ನ ಕೈ ಹಿಡಿದಿದ್ದೆ. ನೀನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದೆ: "ಯಾರಿಗಕ್ಕಾ ಇದೆಲ್ಲ ಮಾಡ್ತಾ ಇದೀಯ? ಒಳಗೆ ಯಾರೂ ಇಲ್ಲ ಅಂತ ನಿಮ್ಮ ಮಿಷಿನ್ನೇ ಹೇಳಿದೆಯಲ್ಲ!" ಅಪ್ಪನ ಕಣ್ಣು ತೆರೆದಿತ್ತು ಕಣೋ. ಪಾರ್ಶ್ವವಾಯು ಹೊಡೆದ ಮೇಲೆ ಅವರಿಗೆ ಮಾತಿಲ್ಲ, ಬೆರಳಾಡುವುದಿಲ್ಲ, ನೋಟ ಎಲ್ಲೂ ನಿಲ್ಲುವುದಿಲ್ಲ. ಆದರೆ ಕಣ್ಣು ತೆರೆದಿತ್ತು. ಆಮೇಲೆ ನೀನು ಕವನಾಗೆ ಫೋನ್ ಮಾಡಿ, ಇನ್ನು ಮೇಲೆ ಅಪ್ಪನಿಗೆ ಸ್ಪೀಚ್ ಥೆರಪಿ ಬೇಡ ಎಂದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಆ ಹುಡುಗಿ ನನಗೆ ಫೋನ್ ಮಾಡಿ, "ನನ್ನಿಂದೇನಾದ್ರೂ ತಪ್ಪಾಯ್ತಾ ಆಂಟಿ?" ಎಂದು ಕೇಳಿದಾಗಲೇ ನನಗೆ ವಿಷಯ ತಿಳಿದದ್ದು.

ಮಿಷಿನ್ ಏನೂ ಹೇಳಲಿಲ್ಲ ಬಸು. ಹೇಳಿದವರು ಮನುಷ್ಯರು, ಅದೂ ತಪ್ಪು ಹೇಳಿದರು. ನೀನು ನಮ್ಮ ಲ್ಯಾಬಿನ ಮುಖ್ಯಸ್ಥ ಸುಧೀಂದ್ರ ಸಾರ್‌ಗೆ ನೇರವಾಗಿ ಫೋನ್ ಮಾಡಿದೆ, ಅವರು ಟೀ ಕುಡಿಯುತ್ತಾ "ಏನೂ ಕಾಣಿಸ್ತಿಲ್ಲಪ್ಪ" ಎಂದರು, ನೀನು ಅದನ್ನೇ ತೀರ್ಪು ಮಾಡಿಕೊಂಡೆ. ಇದು ಸಂಶೋಧನೆ, ಇದನ್ನು ನೋಡಿ ಚಿಕಿತ್ಸೆ ನಿಲ್ಲಿಸಬಾರದು ಎಂದು ಅಪ್ಪನನ್ನು ಸ್ಕ್ಯಾನರಿನಲ್ಲಿ ಮಲಗಿಸುವ ಮೊದಲೇ ನಿನಗೆ ಕನ್ನಡದಲ್ಲಿ ಓದಿ ಹೇಳಿದ್ದೆ. ನೀನು ತಲೆಯಾಡಿಸಿದ್ದೆ.

ಈಗ ನಾನು ಹೇಳುವುದನ್ನು ತಾಳ್ಮೆಯಿಂದ ಕೇಳು. ರೆಕಾರ್ಡ್ ಮಾಡಿದ ದನಿಗಳನ್ನು ಅಪ್ಪನಿಗೆ ಕೇಳಿಸುತ್ತಿರುವಾಗ ಸ್ಕ್ಯಾನರ್ ಮಿದುಳಿನ ಚಿತ್ರಗಳನ್ನು ತೆಗೆಯುತ್ತಾ ಹೋಗುತ್ತದೆ, ಅಷ್ಟೆ. ಯಾವ ಹೊತ್ತಿನಲ್ಲಿ ಅಪ್ಪನ ಕಿವಿಗೆ ಯಾರ ದನಿ ಬಿತ್ತು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಆ ಸಮಯಗಳನ್ನು ನಾವು ದನಿಗೊಂದು ಫೈಲಿನಂತೆ ಬರೆದುಕೊಡಬೇಕು. ನಮ್ಮ ಸಾಫ್ಟ್‌ವೇರಿನಲ್ಲಿ ಬಟನ್ ಒತ್ತುವ ಸುಖವಿಲ್ಲ, ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಕೈಯಾರೆ ಟೈಪ್ ಮಾಡಬೇಕು. ನಾವು ಬರೆದುಕೊಟ್ಟ ಹೊತ್ತಿನಲ್ಲಿ ಮಿದುಳು ಎಚ್ಚೆತ್ತಿತೇ ಎಂದು ಮಾತ್ರ ಅದು ಹುಡುಕುತ್ತದೆ. ತಪ್ಪು ಹೊತ್ತು ಕೊಟ್ಟರೆ ತಪ್ಪು ಕಡೆಯಲ್ಲಿ ಹುಡುಕಿ, ಏನೂ ಇಲ್ಲ ಎನ್ನುತ್ತದೆ.

ಬೇರೆಯವರಿಗೆ ಒಂದೇ ಸ್ಕ್ಯಾನಿನಲ್ಲಿ ಪ್ರತಿ ದನಿಯನ್ನೂ ಹಲವು ಸಲ ಕೇಳಿಸುತ್ತೇವೆ. ಅವರ ಫೈಲಿನಲ್ಲಿ ಒಂದು ಸ್ಕ್ಯಾನಿಗೆ ಒಂದು ಸಾಲು, ಸಾಲಿನ ತುಂಬ ಸಮಯಗಳು. ಅಪ್ಪ ಬೇಗ ದಣಿಯುತ್ತಾರೆ ಎಂದು ಲ್ಯಾಬಿನವರೇ ಕನಿಕರಪಟ್ಟು ಅವರದನ್ನು ಚಿಕ್ಕ ಚಿಕ್ಕ ಸ್ಕ್ಯಾನುಗಳಾಗಿ ಒಡೆದರು. ಒಂದೊಂದರಲ್ಲಿ ಒಂದು ದನಿ ಒಂದೇ ಸಲ. ಹಾಗಾಗಿ ಅಪ್ಪನ ಫೈಲಿನಲ್ಲಿ ಸಾಲಿಗೆ ಒಂದೇ ಸಮಯ. ಹೀಗಿದ್ದಾಗ ಆ ಸಾಫ್ಟ್‌ವೇರ್ ಎಲ್ಲ ಸಮಯಗಳನ್ನೂ ಮೊದಲ ಸ್ಕ್ಯಾನಿನ ಆರಂಭದಿಂದಲೇ ಎಣಿಸಿಬಿಡುತ್ತದೆ. ಹಾಗಲ್ಲ, ಪ್ರತಿ ಸಾಲೂ ಬೇರೆ ಸ್ಕ್ಯಾನ್ ಎಂದು ಅದಕ್ಕೆ ತಿಳಿಸಲು ಮೊದಲ ಸಾಲಿನಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಬೇಕು. ವಿಶ್ಲೇಷಣೆ ಮಾಡಿದ ಅನಿಕೇತ್ ಅದನ್ನು ಹಾಕಿರಲಿಲ್ಲ. ಎಲ್ಲರಿಗೂ ಓಡಿಸಿದ ಆಜ್ಞೆಗಳನ್ನೇ ಅಪ್ಪನಿಗೂ ಓಡಿಸಿದ್ದ.

ನಿನ್ನ ಅಂಗಡಿಯ ಲೆಕ್ಕದಲ್ಲೇ ಹೇಳುತ್ತೇನೆ. ನೀನು ಸೋಮವಾರ ಹತ್ತು ಗಂಟೆಗೆ, ಮಂಗಳವಾರ ಹನ್ನೊಂದಕ್ಕೆ, ಬುಧವಾರ ಹನ್ನೆರಡಕ್ಕೆ ಅಂಗಡಿಯಲ್ಲಿದ್ದೆ ಎನ್ನು. ಯಾರೋ ಒಬ್ಬ ಸೋಮವಾರವೇ ಹತ್ತಕ್ಕೂ ಹನ್ನೊಂದಕ್ಕೂ ಹನ್ನೆರಡಕ್ಕೂ ಬಂದು ಇಣುಕಿ, "ಬಸವಕುಮಾರ್ ಅಂಗಡೀಲಿ ಇರೋದೇ ಇಲ್ಲ" ಎಂದು ವಿಜಯನಗರಕ್ಕೆಲ್ಲ ಸಾರಿದರೆ ನಿನಗೆ ಹೇಗಾಗುತ್ತದೆ? ಅಪ್ಪನಿಗೆ ಆದದ್ದು ಅದೇ.

ಸ್ವಂತ ತಂದೆಯ ಚಿತ್ರಗಳನ್ನು ಮಗಳು ವಿಶ್ಲೇಷಿಸಬಾರದು ಎಂಬುದು ಲ್ಯಾಬಿನ ನಿಯಮ. ಸರಿಯಾದ ನಿಯಮವೇ, ಹಾಗಾಗಿ ನಾನು ದೂರವಿದ್ದೆ. ಹೋದ ವಾರ ಅನಿಕೇತ್ ಹಳೆಯ ಫೈಲುಗಳನ್ನು ಬ್ಯಾಕಪ್ ತೆಗೆಯುತ್ತಿದ್ದ. ಏನೋ ಕೇಳಲು ಹೋದವಳು ಅವನ ಕುರ್ಚಿಯ ಹಿಂದೆ ನಿಂತೆ. ನಾವು ಬರೆದುಕೊಟ್ಟ ಹೊತ್ತುಗಳನ್ನು ಗುಡ್ಡಗಳಾಗಿ ತೋರಿಸುವ ಅಪ್ಪನ ಗ್ರಾಫ್ ಪರದೆಯ ಮೇಲೆ ಇತ್ತು. ಮೊದಲ ಸ್ಕ್ಯಾನಿನಲ್ಲಿ ಗುಡ್ಡಗಳು ಒಂದರ ಮೇಲೊಂದು ಬಿದ್ದಿದ್ದವು, ಆಮೇಲಿನದೆಲ್ಲ ಬಯಲು. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳಿಕೊಡುವುದೇ ಆ ಗ್ರಾಫನ್ನು ಕಣ್ಣಿಟ್ಟು ನೋಡಿ ಎಂದು. ನನ್ನ ಅಪ್ಪನದನ್ನು ಯಾರೂ ನೋಡಿರಲಿಲ್ಲ. ಸಾಫ್ಟ್‌ವೇರ್ ತಾನಾಗಿಯೇ ಒಂದು ಎಚ್ಚರಿಕೆಯನ್ನೂ ಬರೆದಿತ್ತು, ಅದನ್ನೂ ಯಾರೂ ಓದಿರಲಿಲ್ಲ. ನನ್ನ ಮೈ ಉರಿದುಹೋಯಿತು. ಅನಿಕೇತ್‌ಗೆ ಏನೇನು ಬೈದೆನೋ ತಿಳಿಯದು. "ಬೇರೆ ಎಲ್ರದ್ದೂ ಸರಿಯಾಗೇ ಬಂದಿತ್ತಲ್ಲ ಮೇಡಂ" ಎಂದು ಅವನು ಅಳುವುದಕ್ಕೇ ಶುರು ಮಾಡಿದ.

ಸುಧೀಂದ್ರ ಸಾರ್ ಅಳಲಿಲ್ಲ. "ಒಂದು ಸ್ಟಾರ್‌ಗೋಸ್ಕರ ಇಷ್ಟು ಗಲಾಟೆ ಬೇಕಾ ರಂಜನಿ? ನಿಮ್ಮ ತಂದೆಯವರ ಕೇಸ್ ಬಿಟ್ಟು ಪೇಪರ್ ಬರೆದ್ರಾಯ್ತು" ಎಂದರು. ನಾನು ಹೇಳಿದೆ: "ಸಾರ್, ನೀವು ಪೇಪರಿಂದ ಬಿಡ್ತೀರ. ಅಲ್ಲಿ ನನ್ನ ತಮ್ಮ ಮನೆಯಿಂದಾನೇ ಬಿಡ್ತಾ ಇದಾನೆ. ಇದನ್ನ ಮತ್ತೆ ಓಡಿಸೋ ತನಕ ನಾನು ಈ ಕುರ್ಚಿಯಿಂದ ಏಳಲ್ಲ." ಲ್ಯಾಬಿನಲ್ಲಿ ನನ್ನ ದನಿ ಅಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಒಪ್ಪಿದರು.

ನಾನು ಮುಟ್ಟಲಿಲ್ಲ. ಅನಿಕೇತ್‌ನೇ ನಕ್ಷತ್ರ ಹಾಕಿ ಮತ್ತೆ ಓಡಿಸಿದ, ಸುಧೀಂದ್ರ ಸಾರ್ ಪಕ್ಕದಲ್ಲಿ ಕೂತಿದ್ದರು. ನಾನು ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತು, ನಿನ್ನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಅವರು ಒಳಗೆ ಕರೆದರು. ಅಪ್ಪನಿಗೆ ಕೇಳಿಸುತ್ತಿದೆ ಬಸು. ಗೊತ್ತಿಲ್ಲದವರ ದನಿಗೆ ಒಂದು ಬಗೆ, ಮನೆಯವರ ದನಿಗೆ ಇನ್ನೊಂದು ಬಗೆ. ಕಿವಿಗೆ ಶಬ್ದ ಬಿದ್ದದ್ದಷ್ಟೇ ಅಲ್ಲ, ಗುರುತು ಹಿಡಿಯುವ ಭಾಗವೂ ಎದ್ದಿದೆ. ಎಷ್ಟು ಅರ್ಥವಾಗುತ್ತದೆ, ನಾಳೆ ಮಾತು ಬರುತ್ತದೆಯೇ, ಇದನ್ನು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಒಳಗೆ ಯಾರೂ ಇಲ್ಲ ಎಂದು ಇನ್ನೊಮ್ಮೆ ಯಾರಾದರೂ ಅಂದರೆ ಅವರು ನನ್ನ ಮನೆಯ ಮೆಟ್ಟಿಲು ಹತ್ತಬೇಕಾಗಿಲ್ಲ.

ನನಗೆ ತಡೆಯಲಾಗದ ಸಿಟ್ಟು ಇಷ್ಟೇ. ಅನಿಕೇತ್ ತಪ್ಪು ಮಾಡಿದ, ಮನುಷ್ಯ. ಸುಧೀಂದ್ರ ಸಾರ್‌ಗೆ ಅಪ್ಪ ಏಕಾಂತಯ್ಯನವರಲ್ಲ, ಬರೀ ಒಂದು ನಂಬರು. ನೀನು ಮಗ. "ಇಲ್ಲ" ಎಂಬ ಒಂದು ಮಾತು ಸಿಕ್ಕಿದ್ದೇ ಅದನ್ನು ಹಿಡಿದುಕೊಂಡು ಓಡಿದೆ. ಇನ್ನೊಮ್ಮೆ ನೋಡ್ತೀರಾ ಎಂದು ಕೇಳಬೇಕು ಅನ್ನಿಸಲಿಲ್ಲವೇ ನಿನಗೆ? ಅಂಗಡಿಗೆ ಬಂದ ಚೊಂಬಿನಲ್ಲಿ ಸಣ್ಣ ತಗ್ಗು ಕಂಡರೆ ಹತ್ತು ಸಲ ಬೆಳಕಿಗೆ ಹಿಡಿದು ತಿರುಗಿಸಿ ನೋಡುವವನು ನೀನು. ನಂದಿನಿ ಲೇಔಟಿನಿಂದ ಅಂಗಡಿಗೆ ದಿನವೂ ನಮ್ಮ ಬೀದಿಯ ತುದಿಯಲ್ಲೇ ಹೋಗುತ್ತೀಯ. ಸ್ಕೂಟರ್ ನಿಲ್ಲಿಸುವುದಿಲ್ಲ.

ಇನ್ನು ಕೆಲಸದ ಮಾತು. ಗಾಡಿ ಬೇಡ ಎಂದು ನೀನೇ ಫೋನ್ ಮಾಡಿ ಹೇಳು. ಕವನಾಳನ್ನು ನಾನು ಮತ್ತೆ ಕರೆದಿದ್ದೇನೆ, ನಾಳೆಯಿಂದ ಬರುತ್ತಾಳೆ. ಅಪ್ಪನ ಎದುರು ಅಪ್ಪನ ಬಗ್ಗೆ ಮಾತಾಡುವುದಿದ್ದರೆ ಅಪ್ಪನಿಗೇ ಹೇಳುವಂತೆ ಮಾತಾಡು.

ವಚನಾಗೆ ಪರೀಕ್ಷೆ ಹತ್ತಿರ ಬಂತು, ಚೆನ್ನಾಗಿ ಓದಲಿ. ಗಿರಿಜಾಳ ಮಂಡಿನೋವಿಗೆ ಎಣ್ಣೆ ಎತ್ತಿಟ್ಟಿದ್ದೇನೆ. ನಿನ್ನ ಮೇಲೆ ಎಷ್ಟೇ ಕೋಪವಿದ್ದರೂ ನೀನು ಚೆನ್ನಾಗಿರು, ನಿನ್ನ ಮನೆ ತುಂಬಿರಲಿ, ಬಸವಣ್ಣ ನಿನಗೆ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಅಕ್ಕ,
ಶಿವರಂಜನಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಮೇಲೆ ಮನೆಯವರ ದನಿ ಎಂದು ಬರೆದೆ. ಅದು ನಿನ್ನ ದನಿ. ರೆಕಾರ್ಡ್ ಮಾಡುವ ದಿನ ಏನು ಮಾತಾಡಬೇಕೋ ತೋಚದೆ ನೀನು, "ಅಪ್ಪಾ, ಆ ಗೋಡೌನ್ ಬೀಗದ್ ಕೈ ಎಲ್ಲಿಟ್ಟಿದೀರಪ್ಪ, ಹುಡುಕೀ ಹುಡುಕೀ ಸಾಕಾಯ್ತು" ಎಂದು ಗೊಣಗಿದ್ದೆಯಲ್ಲ, ಅದಕ್ಕೇ ಅಪ್ಪನ ಮಿದುಳು ಎದ್ದು ಕೂತದ್ದು, ಪ್ರತಿ ಸಲವೂ. ನಾನು ಅಮ್ಮನ ಹೆಸರೆತ್ತಿ, ಅಳು ನುಂಗಿಕೊಂಡು ಅಷ್ಟು ಹೊತ್ತು ಮಾತಾಡಿದ್ದೆ. ನನ್ನ ದನಿಗೂ ಗೊತ್ತಿಲ್ಲದವರ ದನಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ನನ್ನ ದನಿಯ ಫೈಲನ್ನು ತೆಗೆಸಿ ನೋಡಿದೆ, ಅದರಲ್ಲೂ ನಕ್ಷತ್ರ ಸರಿಯಾಗಿಯೇ ಇತ್ತು. "ದಿನಾ ಕೇಳೋ ದನಿ ಅಲ್ವಾ ಮೇಡಂ, ಅದಕ್ಕೇ ಇರ್ಬೇಕು" ಎಂದು ಅನಿಕೇತ್ ಸಮಾಧಾನ ಹೇಳಿದ. ಇರಬಹುದು. ನೀನು ಭಾನುವಾರ ಬಾ, ಅಪ್ಪನ ಹತ್ತಿರ ಕೂತು ಏನಾದರೂ ಮಾತಾಡು, ಬೀಗದ ಕೈ ವಿಷಯವನ್ನೇ ಮಾತಾಡು. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಇರುತ್ತೇನೆ. ನನ್ನನ್ನು ಹೊರಗೆ ಕರೆಯಬೇಡ.