ಹಿತ್ತಲಿನ ಸಿಹಿನೀರು

ಮೇಲವಂಕಿ, ಮೇ ೧೯೩೪

ಅವ್ವನಿಗೆ ಮಗಳ ಪ್ರೀತಿಯ ನಮಸ್ಕಾರ.

ನಾವು ಕ್ರೈಸ್ತರಾದ ಮೇಲೆ ಊರ ಬಾವಿಗೆ ನಮ್ಮನ್ನು ಬಿಡಲಿಲ್ಲ. ಕೈಬಿಡುವುದಿಲ್ಲವೆಂದ ದೇವರ ಮಾತು ನಂಬಿ ಹಿತ್ತಲಲ್ಲಿ ಬಾವಿ ತೋಡಿದೆವು. ಬಂಡೆ ಅಡ್ಡ ಬಂತು.

"ಏನವಾ, ನಿಮ್ಮ ಯೇಸು ಕಲ್ಲಾಗ ನೀರ ಹುಟ್ಟಸ್ತಾನೇನು?" ಎಂದು ನೆರೆಮನೆಯ ಲಕ್ಕವ್ವ ನಕ್ಕಳು. ನಿನ್ನ ಅಳಿಯ ಹಾರೆ ಒಗೆದು, "ಸಾಕಿನ್ನ, ಹಳೇ ದಾರಿಗೇ ಹೋಗೂಣು" ಎಂದರು. ಅಂದು ನನಗೂ ಪ್ರಾರ್ಥನೆ ಬರಲಿಲ್ಲ. ಆದರೂ ಬೆಳಿಗ್ಗೆ ಬುಟ್ಟಿ ಹಿಡಿದು ಇಳಿದೆ. ಅವರೂ ಹಿಂದೆಯೇ ಬಂದರು.

ಮೊನ್ನೆ ಬಂಡೆ ಒಡೆದು ನೀರು ಚಿಮ್ಮಿತವ್ವಾ, ಸಿಹಿನೀರು! ಊರ ಬಾವಿ ಬತ್ತಿದೆ. ಲಕ್ಕವ್ವನೂ ಕೊಡ ತರುತ್ತಾಳೆ. "ಬರ್ರಿ" ಎನ್ನುತ್ತೇವೆ.

ನನ್ನ ಕೈಯ ನೀರು ನೀನು ಕುಡಿಯುವುದಿಲ್ಲವೆಂದು ಬಲ್ಲೆ. ನಿನ್ನದೇ ಹಗ್ಗ, ಕೊಡ ತೆಗೆದುಕೊಂಡು ಬಾ. ನೀನೇ ಸೇದಿಕೊ. ಬಾವಿಗೆ ಇನ್ನೂ ಕಟ್ಟೆ ಕಟ್ಟಿಲ್ಲ. ಬಗ್ಗುವಾಗ ನಾನು ಹಿಂದಿನಿಂದ ನಿನ್ನನ್ನು ಹಿಡಿದುಕೊಂಡಿರುತ್ತೇನೆ.

ನಿನ್ನ ಮಗಳು,
ಬಾಳವ್ವ